ವಿಂಟೇಜ್ ವರ್ಕ್ ಶರ್ಟ್: ಮೊದಲು ಒಳಮಗ್ಗುಲು ನೋಡಿ

ಹಳೆಯ ವರ್ಕ್ ಶರ್ಟ್ ಕೈಗೆ ಬಂದ ಕೂಡಲೇ ಅದನ್ನು ಒಳಹೊರಗು ತಿರುವಿ ಮೇಜಿನ ಮೇಲೆ ಹರಡಿ. ಮಾಸಿದ ನೀಲಿ, ಸವೆದ ಮೊಣಕೈ, ಕುತ್ತಿಗೆಯ ಲೇಬಲ್ಲು ಇವೆಲ್ಲ ಕಣ್ಣು ಸೆಳೆಯುತ್ತವೆ ನಿಜ. ಆದರೆ ಬಣ್ಣವನ್ನು ಕಾರ್ಖಾನೆಯಲ್ಲೇ ಮಾಸಿಸಬಹುದು, ಲೇಬಲ್ಲನ್ನು ಬೇರೆ ಅಂಗಿಯಿಂದ ಬಿಚ್ಚಿ ಹೊಲಿಯಬಹುದು. ಒಳಗಿನ ಹೊಲಿಗೆಯನ್ನು ಹಾಗೆ ಬದಲಾಯಿಸಲು ಇಡೀ ಅಂಗಿಯನ್ನೇ ಬಿಚ್ಚಬೇಕಾಗುತ್ತದೆ. ಆ ಕಷ್ಟ ಯಾರೂ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಹೆಚ್ಚುಕಡಿಮೆ 1910ರಿಂದ 1960ರ ದಶಕದವರೆಗೆ ಅಮೆರಿಕದ ಕಾರ್ಖಾನೆ, ರೈಲ್ವೆ, ಹೊಲಗಳಲ್ಲಿ ದುಡಿದವರು ತೊಟ್ಟ ಹತ್ತಿ ಅಂಗಿಗಳ ಬಗ್ಗೆ. ಅವನ್ನೇ ಮಾದರಿಯಾಗಿಟ್ಟುಕೊಂಡು ಈಗ ಹೊಲಿಯುವ, ಮುಖ್ಯವಾಗಿ ಜಪಾನಿನಿಂದ ಬರುವ ಪ್ರತಿರೂಪಗಳಿಗೂ ಇದೇ ಮಾತು ಸಲ್ಲುತ್ತದೆ. ಈ ಅಂಗಿಗಳಲ್ಲಿ ಚೆಂದಕ್ಕೆಂದು ಇಟ್ಟದ್ದು ತೀರ ಕಡಿಮೆ. ಬಟ್ಟೆ ಎಲ್ಲಿ ಹರಿಯುತ್ತದೆ, ಹೊಲಿಗೆ ಎಲ್ಲಿ ಬಿಡುತ್ತದೆ ಎಂದು ನೋಡಿ ನೋಡಿ ಅಲ್ಲಲ್ಲಿ ಹಾಕಿದ ಕಟ್ಟುಗಳೇ ಇಂದು ನಾವು ಡಿಸೈನ್ ಎಂದು ಕರೆಯುತ್ತಿರುವ ವಿವರಗಳು.

ಬಟ್ಟೆ

ತೋಳಿನ ತುದಿಯನ್ನು ಮಡಚಿ ಬಟ್ಟೆಯ ಎರಡೂ ಮಗ್ಗುಲು ಪಕ್ಕಪಕ್ಕ ಬರುವಂತೆ ಹಿಡಿಯಿರಿ. ಎರಡರಲ್ಲೂ ಸುಮಾರು ಒಂದೇ ನೀಲಿ ಕಂಡರೆ ಅದು ಶಾಂಬ್ರೆ. ಉದ್ದಕ್ಕೆ ಓಡುವ ಹಾಸಿನಲ್ಲಿ ಇಂಡಿಗೊ ನೀಲಿಯ ನೂಲು, ಅಡ್ಡಕ್ಕೆ ಓಡುವ ಹೊಕ್ಕಿನಲ್ಲಿ ಬಿಳಿ ನೂಲು, ಒಂದು ಮೇಲೆ ಒಂದು ಕೆಳಗೆ ಹೋಗುವ ಸಾದಾ ನೇಯ್ಗೆ. ಒಳಮಗ್ಗುಲು ಬೆಳ್ಳಗಿದ್ದು, ಹೊರಗೆ ಓರೆ ಗೆರೆ ಕಂಡರೆ ಡೆನಿಮ್. ಬಟ್ಟೆಯ ತೂಕವನ್ನು ಅಮೆರಿಕದವರು ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ಹೇಳುತ್ತಾರೆ. ಶಾಂಬ್ರೆ ಸಾಮಾನ್ಯವಾಗಿ 4ರಿಂದ 6 ಔನ್ಸ್, ಶರ್ಟಿನ ಡೆನಿಮ್ 7ರಿಂದ 10 ಔನ್ಸ್. 5 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 170 ಗ್ರಾಂ.

ಕಪ್ಪು ನೂಲಿಗೆ ಬಿಳಿ ನೂಲು ಸೇರಿಸಿ ನೇಯ್ದದ್ದನ್ನು ಸಂಗ್ರಹಕಾರರು ಸಾಲ್ಟ್ ಅಂಡ್ ಪೆಪ್ಪರ್ ಎನ್ನುತ್ತಾರೆ; ದೂರದಿಂದ ಬೂದಿ ಬಣ್ಣ, ಹತ್ತಿರದಿಂದ ನಿಜಕ್ಕೂ ಉಪ್ಪು-ಮೆಣಸು ಚೆಲ್ಲಿದ ಹಾಗೆ. ನೀಲಿ-ಬಿಳಿ ಸಣ್ಣ ಪಟ್ಟೆಯ ಹಿಕರಿ ಸ್ಟ್ರೈಪ್ ರೈಲ್ವೆಯವರ ಬಟ್ಟೆ. ಎಣ್ಣೆ, ಮಸಿ ಬಿದ್ದರೂ ಪಟ್ಟೆಯ ನಡುವೆ ಮರೆಯಾಗುತ್ತದೆ. ಇಂಡಿಗೊ ಬಟ್ಟೆಯ ಮೇಲೆ ಬಿಳಿ ಚುಕ್ಕೆಗಳ ಸಾಲು ಅಥವಾ ಸಣ್ಣ ಚಿತ್ತಾರ ಇದ್ದರೆ ಒಳಮಗ್ಗುಲನ್ನು ಇಂಚಿಂಚು ಹುಡುಕಿ. ಪಶ್ಚಿಮ ವರ್ಜೀನಿಯಾದ ವೀಲಿಂಗ್ ಪಟ್ಟಣದಲ್ಲಿ 1835ರಲ್ಲಿ ಶುರುವಾದ ಸ್ಟೀಫೆಲ್ ಕಂಪನಿ ತನ್ನ ಬಟ್ಟೆಯ ಹಿಂಬದಿಗೆ ಬೂಟಿನ ಮುದ್ರೆ ಒತ್ತುತ್ತಿತ್ತು (ಆ ಹೆಸರಿಗೆ ಜರ್ಮನ್ ಭಾಷೆಯಲ್ಲಿ ಬೂಟು ಎಂದೇ ಅರ್ಥ). ಕಂಪನಿ 1957ರಲ್ಲಿ ಮುಚ್ಚಿತು, ಹಾಗಾಗಿ ಆ ಮುದ್ರೆ ಕಂಡರೆ ಕಾಲದ ಲೆಕ್ಕ ಅರ್ಧ ಮುಗಿದಂತೆ.

ಕೊಳ್ಳುವ ಮೊದಲು ಬಟ್ಟೆಗೆ ಜೀವ ಇದೆಯೇ ನೋಡಬೇಕು. ಬೆನ್ನಿನ ಕೆಳಭಾಗದಲ್ಲಿ ಬಟ್ಟೆಯನ್ನು ಎರಡೂ ಹೆಬ್ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಒಳ್ಳೆಯ ಹತ್ತಿ ಸ್ವಲ್ಪ ಬಗ್ಗಿ ತಡೆಯುತ್ತದೆ. ಒಣಗಿ ಲಡ್ಡಾದದ್ದು ಕಾಗದದಂತೆ ಚಿರ್ ಎಂದು ಹರಿಯುತ್ತದೆ, ಅದಕ್ಕೆ ಯಾವ ತೇಪೆಯೂ ನಿಲ್ಲುವುದಿಲ್ಲ. ಗಂಧಕದ ಬಣ್ಣ ಹಾಕಿದ ಹಳೆಯ ಕಪ್ಪು ಬಟ್ಟೆಯಲ್ಲಿ ಈ ಅಪಾಯ ಹೆಚ್ಚು. ಆ ಬಣ್ಣ ವರ್ಷಗಟ್ಟಲೆ ತೇವದಲ್ಲಿ ಕೂತರೆ ಆಮ್ಲ ಹುಟ್ಟಿ ನೂಲನ್ನೇ ತಿನ್ನುತ್ತದೆ.

ಮೂರು ಸಾಲಿನ ಹೊಲಿಗೆ

ಪಕ್ಕದ ಜೋಡಣೆ, ತೋಳಿನ ಒಳಜೋಡಣೆ, ಕಂಕುಳ ಸುತ್ತು, ಹೆಗಲ ಪಟ್ಟಿ: ವರ್ಕ್ ಶರ್ಟು ಮೊದಲು ಬಿಡುವುದು ಈ ಜಾಗಗಳಲ್ಲೇ. ಅದಕ್ಕೇ ಎರಡೂ ಬಟ್ಟೆಯ ಅಂಚನ್ನು ಒಂದರೊಳಗೊಂದು ಮಡಚಿ, ನಾಲ್ಕು ಪದರದ ಮೇಲೆ ಮೂರು ಸೂಜಿಗಳು ಒಟ್ಟಿಗೆ ಓಡುವ ಯಂತ್ರದಲ್ಲಿ ಹೊಲಿಯುತ್ತಿದ್ದರು. ಹೊರಗೆ ಸುಮಾರು 1 ಸೆಂ.ಮೀ. ಅಗಲದೊಳಗೆ ಮೂರು ನೇರ ಸಾಲು ಕಾಣುತ್ತದೆ. ಒಳಗೆ ಅವೇ ಮೂರು ಸಾಲು ಸರಪಳಿಯಂತೆ ಕೊಂಡಿ ಕೊಂಡಿಯಾಗಿರುತ್ತವೆ, ಇದೇ ಚೈನ್ ಸ್ಟಿಚ್. ಎರಡೂ ಮಗ್ಗುಲಲ್ಲಿ ಒಂದೇ ಥರದ ನೇರ ಹೊಲಿಗೆ ಕಂಡರೆ ಅದು ಲಾಕ್ ಸ್ಟಿಚ್. ಬಟ್ಟೆಯಂಚಿಗೆ ಓವರ್‌ಲಾಕ್ ಹೊಡೆದಿದ್ದರೆ ಅಲ್ಲಿ ದರ್ಜಿ ಖರ್ಚು ಉಳಿಸಿದ್ದಾನೆ ಎಂದೇ ಅರ್ಥ.

ಚೈನ್ ಸ್ಟಿಚ್ಚಿಗೆ ಕಾರಣ ಎರಡು. ಬಾಬಿನ್ ಬದಲಿಸುವ ಗೋಜಿಲ್ಲದೆ ಉದ್ದಕ್ಕೂ ಹೊಲಿದುಕೊಂಡೇ ಹೋಗಬಹುದಾದ್ದರಿಂದ ಕಾರ್ಖಾನೆಗೆ ಅನುಕೂಲ. ಕೊಂಡಿಯ ದಾರಕ್ಕೆ ಸ್ವಲ್ಪ ಎಳೆತ ಇರುವುದರಿಂದ ಭಾರ ಎತ್ತಿದಾಗ ಹೊಲಿಗೆ ಪಟಕ್ಕನೆ ಕಡಿಯುವುದಿಲ್ಲ, ಅದು ತೊಟ್ಟವನಿಗೆ ಅನುಕೂಲ. ಈ ಯಂತ್ರಗಳಲ್ಲಿ ಹೆಸರಾದದ್ದು 1881ರಲ್ಲಿ ಶಿಕಾಗೊದಲ್ಲಿ ಆರಂಭವಾದ ಯೂನಿಯನ್ ಸ್ಪೆಷಲ್. ಪ್ರತಿರೂಪ ಮಾಡುವವರು ಇಂದಿಗೂ ಆ ಹಳೆಯ ಯಂತ್ರಗಳನ್ನೇ ಹುಡುಕುತ್ತಾರೆ.

ಈ ಹೊಲಿಗೆಯ ದೋಷವೂ ಅದರ ಕೊಂಡಿಯಲ್ಲೇ ಇದೆ. ಮುಗಿದ ತುದಿಯಲ್ಲಿ ದಾರ ಸಡಿಲವಾಯಿತೆಂದರೆ ಇಡೀ ಸಾಲು ಸರ್ರನೆ ಬಿಚ್ಚಿಕೊಳ್ಳುತ್ತದೆ. ಪಕ್ಕದ ಜೋಡಣೆ ಕೆಳಅಂಚು ಮುಟ್ಟುವಲ್ಲಿ 1 ಇಂಚಿನಷ್ಟು ದಾರದ ಬಾಲ ಜೋತಾಡುತ್ತಿದ್ದರೆ ಅಂಗಿ ಕೆಟ್ಟಿದೆ ಎಂದು ಕತ್ತರಿ ಹಾಕಬೇಡಿ. ಕಾರ್ಖಾನೆಯಲ್ಲಿ ಹೊಲಿಗೆ ಮುಗಿದ ಮೇಲೆ ಯಂತ್ರ ಬಟ್ಟೆಯಾಚೆಗೂ ಓಡಿ ಬಿಟ್ಟ ಸರಪಳಿ ಅದು. ಅದಿರುವವರೆಗೆ ಬಿಚ್ಚುವ ತುದಿ ಬಟ್ಟೆಯಿಂದ ದೂರ ಇರುತ್ತದೆ. ಆಗಲೇ ಬಿಚ್ಚಲು ಶುರುವಾಗಿದ್ದರೆ ಕೊನೆಯ ಕೊಂಡಿಯೊಳಗೆ ಸೂಜಿಯಿಂದ ದಾರ ತೂರಿಸಿ ಬಿಗಿದು, ಹಿಂದಕ್ಕೆ ನಾಲ್ಕೈದು ಹೊಲಿಗೆ ಕೈಯಲ್ಲಿ ಹಾಕಿ.

ಪಕ್ಕದ ಜೋಡಣೆ ಮುಗಿದು, ಅಂಗಿಯ ಮುಂದಿನ ಮತ್ತು ಹಿಂದಿನ ಬಾಲಗಳು (ಕೆಳಗೆ ಇಳಿಬಿದ್ದ ತುದಿಗಳು) ಕವಲೊಡೆಯುವ ಬಿಂದುವಿಗೆ ಬನ್ನಿ. ಬಗ್ಗಿದಾಗ, ಕೂತಾಗ, ಅಂಗಿಯನ್ನು ಪ್ಯಾಂಟಿನಿಂದ ಎಳೆದಾಗ ಎಲ್ಲ ಎಳೆತವೂ ಬೀಳುವುದು ಆ ಒಂದೇ ಬಿಂದುವಿಗೆ. ಅಲ್ಲಿ ಪುಟ್ಟ ತ್ರಿಕೋನ ಬಟ್ಟೆ ಕೂರಿಸಿ ಎಳೆತವನ್ನು ಹರಡಿದ್ದೇ ಗಸೆಟ್. ಒಳ್ಳೆಯ ಗಸೆಟ್ ಎರಡು ಪದರದ್ದು. ಕೆಲವು ತಯಾರಕರು ಅದಕ್ಕೆ ಬಟ್ಟೆಯ ಕರೆಯನ್ನೇ, ಅಂದರೆ ಮಗ್ಗದಲ್ಲಿ ಮುಗಿದ ಅಂಚನ್ನೇ, ಬಳಸುತ್ತಿದ್ದರು. ಅದು ಎಳೆ ಬಿಡುವುದಿಲ್ಲ, ಮಡಚಬೇಕಾಗಿಯೂ ಇಲ್ಲ. ಮಾರುವವರು ಗಸೆಟ್ ಕಂಡ ಕೂಡಲೇ 30ರ ದಶಕ ಎಂದುಬಿಡುತ್ತಾರೆ. 60ರ ದಶಕದ ಫ್ಲಾನೆಲ್ ಅಂಗಿಗಳಲ್ಲೂ ಗಸೆಟ್ ಇದೆ, ಹೊಸ ಪ್ರತಿರೂಪಗಳಲ್ಲಂತೂ ಇದ್ದೇ ಇದೆ. ಅದೊಂದರಿಂದಲೇ ಬೆಲೆ ಕಟ್ಟಬೇಡಿ.

ಎದೆ, ಕಾಲರ್, ಪಾಕೆಟ್, ಗುಂಡಿ

ಮೊದಲು ಅಂಗಿಗಳನ್ನು ತಲೆಯ ಮೇಲಿಂದಲೇ ತೊಡುತ್ತಿದ್ದರು. ಮೇಲಿನಿಂದ ಕೆಳಗಿನವರೆಗೂ ಗುಂಡಿ ಬರುವ ಅಂಗಿಯನ್ನು ಲಂಡನ್ನಿನ ಬ್ರೌನ್, ಡೇವಿಸ್ ಅಂಡ್ ಕಂಪನಿ 1871ರಲ್ಲಿ ನೋಂದಾಯಿಸಿತು. ಆದರೂ ದುಡಿಯುವವರ ಅಂಗಿಯಲ್ಲಿ ಅರ್ಧ ಎದೆಯವರೆಗೆ ಮೂರು ನಾಲ್ಕು ಗುಂಡಿಯ ಸೀಳು 1920ರ ದಶಕದಲ್ಲೂ ಚಾಲ್ತಿಯಲ್ಲಿತ್ತು. ಇಂಥ ಅಂಗಿ ಸಿಕ್ಕರೆ ಸೀಳು ಮುಗಿಯುವಲ್ಲಿ ಹೊಲಿದ ಚೌಕವನ್ನು ನೋಡಿ. ತೊಡುವಾಗ ಬಿಚ್ಚುವಾಗ ಎಳೆಯುವುದು ಅಲ್ಲೇ, ಹರಿಯುವುದೂ ಅಲ್ಲೇ.

ಕಾಲರ್ ಪಟ್ಟಿಯ ಒಂದು ತುದಿಯಿಂದ ನಾಲಗೆಯಂತೆ ಚಾಚಿ ಗಂಟಲಿಗೆ ಅಡ್ಡ ಬಂದು ಇನ್ನೊಂದು ಬದಿಯ ಗುಂಡಿಗೆ ಸಿಗುವ ಪಟ್ಟಿಯೇ ಚಿನ್ ಸ್ಟ್ರ್ಯಾಪ್. ಗಾಳಿ, ಧೂಳು ಎದೆಯೊಳಗೆ ಇಳಿಯದಂತೆ ಮಾಡಿದ್ದು. 1920-30ರ ದಶಕದ ಅಂಗಿಗಳಲ್ಲಿ ಕಾಣುವ ಇದು ಎರಡನೇ ಮಹಾಯುದ್ಧದ ಆಚೆಗೆ ಅಪರೂಪ. ತೊಡುವಾಗ ಅದನ್ನು ಹಾಕಲೇಬೇಕೆಂದಿಲ್ಲ. ಕಾಲರಿನ ಕೆಳಕ್ಕೆ ಮಡಚಿ ಬಿಟ್ಟರೆ ಕಾಲರು ಒಂದು ಪಕ್ಕ ಕೊಂಚ ಎದ್ದು ನಿಲ್ಲುತ್ತದೆ, ಅದೂ ಚೆನ್ನ.

ಎದೆಯ ಪಾಕೆಟ್ಟುಗಳು ಎರಡೂ ಒಂದೇ ಥರ ಇರಬೇಕಿಲ್ಲ. ಒಂದರ ಅಂಚಿನಲ್ಲಿ ಪೆನ್ಸಿಲಿಗೆ ಕಿರಿದಾದ ಸಂದಿ, ಇನ್ನೊಂದಕ್ಕೆ ಮುಚ್ಚಳ, ಸಿಗರೇಟಿನ ಪೊಟ್ಟಣಕ್ಕೆಂದೇ ಉದ್ದನೆಯ ಒಳಚೀಲ, ಹೀಗೆ ತಯಾರಕರು ಇಲ್ಲಿಯೇ ತಮ್ಮ ಕೈಚಳಕ ತೋರಿಸಿದ್ದು. ಬಾಯಿಯ ಎರಡು ಮೂಲೆಗಳನ್ನು ತ್ರಿಕೋನವಾಗಿ ಹೊಲಿದಿದ್ದರೆ ಬಾಳಿಕೆ ಬರುತ್ತದೆ. ಬರೀ ನೇರ ಹೊಲಿಗೆಯಿದ್ದರೆ ಮೂಲೆಯ ಹಿಂದೆ ಒಳಗಿನಿಂದ ಬೆಳಕಿಗೆ ಹಿಡಿದು ನೋಡಿ. ಪಾಕೆಟ್ ಗಟ್ಟಿಯಾಗಿದ್ದು ಅದರ ಹಿಂದಿನ ಬಟ್ಟೆ ಹರಿದಿರುವುದು ಸಾಮಾನ್ಯ.

ಗುಂಡಿಯಲ್ಲಿ ಸಂಗ್ರಹಕಾರರು ಹುಡುಕುವುದು ಕ್ಯಾಟ್ಸ್ ಐ. ಎರಡು ತೂತು, ಅವುಗಳ ಸುತ್ತ ಬೆಕ್ಕಿನ ಕಣ್ಣಿನಾಕಾರದ ತಗ್ಗು. ದಾರ ಆ ತಗ್ಗಿನಲ್ಲಿ ಕೂರುವುದರಿಂದ ಮೇಲಿನ ಉಜ್ಜಾಟಕ್ಕೆ ಸಿಗುವುದಿಲ್ಲ. ದಕ್ಷಿಣ ಅಮೆರಿಕದ ಒಂದು ತಾಳೆಜಾತಿಯ ಬೀಜದಿಂದ ಕಡೆದ ಕೊರೊಜೊ ಗುಂಡಿ, 30ರ ದಶಕದಿಂದೀಚೆ ಬಂದ ಯೂರಿಯಾ ಗುಂಡಿ ಕೂಡ ಸಿಗುತ್ತವೆ. ಎರಡಕ್ಕೂ ಬಿಸಿನೀರು ಆಗಿಬರುವುದಿಲ್ಲ, ಮತ್ತೆ ಮತ್ತೆ ಬಿದ್ದರೆ ಕೂದಲಿನಂಥ ಬಿರುಕು ಬಿಡುತ್ತದೆ. ಲೋಹದ ಗುಂಡಿಯಾದರೆ ಹಿಂಬದಿಯ ತುಕ್ಕನ್ನು ನೋಡಿ; ತುಕ್ಕು ಬಟ್ಟೆಗಿಳಿದರೆ ಅಲ್ಲಿ ತೂತು ಬಿದ್ದೇ ಬೀಳುತ್ತದೆ.

ಲೇಬಲ್ಲಿನಿಂದ ಕಾಲ ಹಿಡಿಯುವುದು

ಕೆಲವು ವರ್ಷಗಳನ್ನು ನೆನಪಿಟ್ಟುಕೊಂಡರೆ ಸಾಕು. ಬಟ್ಟೆಯನ್ನು ಮುಂಚೆಯೇ ಕುಗ್ಗಿಸುವ ವಿಧಾನಕ್ಕೆ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರಲ್ಲಿ ಪೇಟೆಂಟ್ ಪಡೆದರು. ಹಾಗಾಗಿ ಸ್ಯಾನ್‌ಫರೈಸ್ಡ್ ಎಂಬ ಮಾತಿದ್ದರೆ ಅಂಗಿ ಅದಕ್ಕಿಂತ ಹಳೆಯದಾಗಿರಲಾರದು. ನೂಲು ಯಾವುದು, ಶೇಕಡಾ ಎಷ್ಟು ಎಂದು ನಮೂದಿಸುವುದು ಅಮೆರಿಕದಲ್ಲಿ 1960ರ ಮಾರ್ಚಿನಿಂದ ಕಡ್ಡಾಯವಾಯಿತು. ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ (ಅಮೆರಿಕದ ಪಿನ್ ಕೋಡ್) ಇದ್ದರೆ 1963ರ ಜುಲೈ ನಂತರದ್ದು. ಒಗೆಯುವ ವಿಧಾನ ಬರೆದ, ಹೊಲಿದು ಕೂರಿಸಿದ ಲೇಬಲ್ ಇದ್ದರೆ ಬಹುಮಟ್ಟಿಗೆ 1972ರ ಜುಲೈಯಿಂದೀಚಿನದು. ಇವೆಲ್ಲ ಇದಕ್ಕಿಂತ ಹಳೆಯದಲ್ಲ ಎಂದು ಹೇಳಲು ಮಾತ್ರ ಬರುತ್ತವೆ. ಶೇಕಡಾವಾರು ಇಲ್ಲ ಎಂದ ಮಾತ್ರಕ್ಕೆ ಅಂಗಿ 1960ಕ್ಕಿಂತ ಹಿಂದಿನದಾಗಬೇಕಿಲ್ಲ, ಆ ಲೇಬಲ್ ಕಿತ್ತುಹೋಗಿರಬಹುದು. ಕಿತ್ತ ಜಾಗದಲ್ಲಿ ಸೂಜಿಯ ತೂತು, ಮಾಸದ ಚೌಕ ಉಳಿದಿರುತ್ತದೆ.

ಲೇಬಲ್ ಮೂಲದ್ದೇ ಎಂದು ತಿಳಿಯಲು ಅದರ ಮೂಲೆಯನ್ನು ಎತ್ತಿ ಅಡಿಯ ಬಟ್ಟೆ ನೋಡಿ. ಸುತ್ತಲ ಬಟ್ಟೆ ಮಾಸಿದ್ದು ಅಡಿಯದು ಗಾಢ ನೀಲಿಯಿದ್ದರೆ ಎರಡೂ ಒಟ್ಟಿಗೆ ಬಾಳಿವೆ. ಅಡಿಯಲ್ಲೂ ಅಷ್ಟೇ ಮಾಸಿದ್ದರೆ ಲೇಬಲ್ ನಿನ್ನೆ ಮೊನ್ನೆ ಬಂದು ಕೂತದ್ದು. ದಾರದ ಬಗ್ಗೆ ಅನುಮಾನವಿದ್ದರೆ ಒಳಗಿನಿಂದ 1 ಸೆಂ.ಮೀ. ತುಂಡು ತೆಗೆದು ಚಿಮುಟದಲ್ಲಿ ಹಿಡಿದು ಸುಡಿ: ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನೇರಳಾತೀತ ಟಾರ್ಚ್ ಹಿಡಿದು ಹೊಳೆಯಿತು, ಹೊಸದು ಎಂದು ತೀರ್ಪು ಕೊಡುವವರಿದ್ದಾರೆ. ಇಂದಿನ ಸೋಪಿನ ಪುಡಿಯಲ್ಲಿ ಒಮ್ಮೆ ಒಗೆದರೂ ಹಳೆಯ ಹತ್ತಿ ಹೊಳೆಯುತ್ತದೆ. ಆ ಪರೀಕ್ಷೆಯನ್ನು ನಂಬಬೇಡಿ.

ಅಳತೆ ಮತ್ತು ಕುಗ್ಗುವಿಕೆ

ಲೇಬಲ್ಲಿನ 15½ ಎಂಬುದು ಕುತ್ತಿಗೆಯ ಇಂಚು, ಅದೂ ಹೊಸದರಲ್ಲಿ. ಹತ್ತಾರು ವರ್ಷ ಒಗೆದ ಮೇಲೆ ಆ ಅಂಕಿಗೆ ಅರ್ಥವಿಲ್ಲ. ಗುಂಡಿ ಹಾಕಿ ಅಂಗಿಯನ್ನು ಸಪಾಟಾಗಿ ಮಲಗಿಸಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಅಳೆಯಿರಿ. ನಿಮ್ಮ ಎದೆ ಸುತ್ತಳತೆಯ ಅರ್ಧಕ್ಕೆ 2ರಿಂದ 3 ಇಂಚು ಸೇರಿಸಿದಷ್ಟು ಬರಬೇಕು. ಎದೆ 40 ಇಂಚಾದರೆ 22ರಿಂದ 23. ಇದಕ್ಕಿಂತ ಬಿಗಿಯಾದರೆ ಅದು ವರ್ಕ್ ಶರ್ಟಿನಂತೆ ಕೂರುವುದಿಲ್ಲ, ಕೈ ಎತ್ತಿದರೆ ಬೆನ್ನು ಹಿಡಿಯುತ್ತದೆ. ಎದೆ ಸರಿಯಾಗಿದ್ದು ತೋಳು 1 ಇಂಚು ಗಿಡ್ಡವಿದ್ದರೆ ಕೊಳ್ಳಬಹುದು, ಹೇಗೂ ಮಡಚಿಯೇ ತೊಡುತ್ತೀರಿ. ಹೆಗಲು ಕಿರಿದಾದರೆ ಮಾತ್ರ ಬಿಟ್ಟುಬಿಡಿ. ಮೂರು ಸಾಲಿನ ಜೋಡಣೆಯನ್ನು ಬಿಚ್ಚಿ ಹಿಗ್ಗಿಸಲು ಒಳಗೆ ಬಟ್ಟೆಯೇ ಉಳಿದಿರುವುದಿಲ್ಲ.

ಕುಗ್ಗಿಸದ ಬಟ್ಟೆಯ ಹೊಸ ಪ್ರತಿರೂಪ ಅಥವಾ ಒಮ್ಮೆಯೂ ಒಗೆಯದೆ ಉಳಿದ ಹಳೆಯ ಅಂಗಿಯಾದರೆ ಉದ್ದದಲ್ಲಿ ಶೇ. 6ರಿಂದ 8 ಕುಗ್ಗುತ್ತದೆಂದು ಲೆಕ್ಕ ಹಿಡಿಯಿರಿ, ಕೆಲವು ಇನ್ನೂ ಹೆಚ್ಚು. ಬೆನ್ನುದ್ದ 31 ಇಂಚಿದ್ದದ್ದು ಶೇ. 8ರಲ್ಲಿ 28½ಕ್ಕೆ ಇಳಿಯುತ್ತದೆ, 25 ಇಂಚಿನ ತೋಳು 23ಕ್ಕೆ ಬರುತ್ತದೆ. ಅಗಲದಲ್ಲಿ ಕುಗ್ಗುವುದು ಕಡಿಮೆ. ತೊಟ್ಟು ನೋಡಿ ಉದ್ದವಾಯಿತೆಂದು ಮೊದಲೇ ಕೆಳಅಂಚು ಕತ್ತರಿಸಿದವರು ಆಮೇಲೆ ಹೊಕ್ಕಳು ಮುಚ್ಚಲು ಪರದಾಡುತ್ತಾರೆ.

ಕುಗ್ಗಿಸುವ ಕ್ರಮ ಸರಳ. ಗುಂಡಿ ಹಾಕಿ, ಒಳಹೊರಗು ತಿರುವಿ, 40 ಡಿಗ್ರಿಯ ನೀರಲ್ಲಿ ಒಂದು ಗಂಟೆ ಪೂರ್ತಿ ಮುಳುಗಿಸಿಡಿ. ತೇಲಿದ ಭಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ, ಆದ್ದರಿಂದ ಮೇಲೊಂದು ತಟ್ಟೆ ಹೇರಿ. ಹಿಂಡದೆ ಟವಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ಗುಂಡಿಪಟ್ಟಿ ಮತ್ತು ಕಾಲರನ್ನು ಕೈಯಲ್ಲೇ ನೇರ ಎಳೆದು ನೆರಳಲ್ಲಿ ಒಣಗಿಸಿ. ಇದನ್ನು ಎರಡು ಸಲ ಮಾಡಿದ ಮೇಲೇ ದರ್ಜಿಯ ಬಳಿ ಹೋಗಿ. ಬಟ್ಟೆ ಕುಗ್ಗಿ ದಾರ ಹಾಗೇ ಉಳಿದು ಜೋಡಣೆಯುದ್ದಕ್ಕೂ ಹಗ್ಗ ಹೊಸೆದಂಥ ಸುಕ್ಕು ಬರುತ್ತದೆ. ಮುಂದೆ ಬಣ್ಣ ಮಾಸುವುದು ಆ ಉಬ್ಬುಗಳ ಮೇಲೆಯೇ. ಇಸ್ತ್ರಿಯಿಂದ ಅದನ್ನು ಚಪ್ಪಟೆ ಮಾಡಿಬಿಟ್ಟರೆ ಅಂಗಿಯ ಅರ್ಧ ಅಂದ ಹೋಯಿತು. ಇಸ್ತ್ರಿ ಬೇಕೇಬೇಕೆಂದರೆ ಕಾಲರಿಗೆ, ಗುಂಡಿಪಟ್ಟಿಗೆ ಸಾಕು.

ನಂತರದ ಒಗೆತಕ್ಕೆ ತಣ್ಣೀರು, ಹೊಳಪುಕಾರಕ ಇಲ್ಲದ ಸೌಮ್ಯ ದ್ರವ. ಕ್ಲೋರಿನ್ ಬ್ಲೀಚ್ ಇಂಡಿಗೊವನ್ನು ಕೊಲ್ಲುತ್ತದೆ. ಉಪ್ಪು ಅಥವಾ ವಿನೆಗರ್ ಹಾಕಿ ಬಣ್ಣ ಕಟ್ಟುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಇಂಡಿಗೊ ನೂಲಿನ ಹೊರಪದರದಲ್ಲಿ ಕೂತಿರುವ ಬಣ್ಣ, ಉಜ್ಜಿದರೆ ಹೋಗುತ್ತದೆ, ಅದನ್ನು ಉಪ್ಪು ತಡೆಯದು.

ರಿಪೇರಿ

ತೇಪೆಯ ಬಟ್ಟೆ ಅಂಗಿಯಷ್ಟೇ ತೂಕದ್ದು, ಮೊದಲೇ ಒಗೆದದ್ದು ಆಗಿರಬೇಕು. ಹೊಸ ಬಟ್ಟೆ ಹಾಕಿದರೆ ಮೊದಲ ಒಗೆತದಲ್ಲೇ ಅದು ಕುಗ್ಗಿ ಸುತ್ತಲನ್ನು ಎಳೆದು ಸುಕ್ಕು ಮಾಡುತ್ತದೆ. ಹಾಸಿನ ದಿಕ್ಕಿಗೆ ಹಾಸು ಹೊಂದಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಸವೆದ ಜಾಗ ಮುಗಿದು ಗಟ್ಟಿ ಬಟ್ಟೆ ಶುರುವಾದ ಮೇಲೂ 1 ಸೆಂ.ಮೀ. ಮುಂದೆ ಹೋಗುವಂತೆ ಒಳಗಿನಿಂದ ಇಡಿ. ಹತ್ತಿ ದಾರದಲ್ಲಿ 3 ಮಿ.ಮೀ. ಅಂತರದ ಓಟದ ಹೊಲಿಗೆ ಸಾಲುಸಾಲಾಗಿ ಹಾಕಿ. ದಾರ ಬಟ್ಟೆಗಿಂತ ಗಟ್ಟಿಯಾದರೆ ಮುಂದಿನ ಸಲ ಹರಿಯುವುದು ಬಟ್ಟೆಯೇ. ದಾರ ಹೋದರೆ ಮತ್ತೆ ಹೊಲಿಯಬಹುದು.

ಮಡಿಕೆಯಲ್ಲಿ ಸವೆದ ಕಾಲರಿಗೆ ತೇಪೆಗಿಂತ ತಿರುವಿ ಹೊಲಿಯುವುದೇ ವಾಸಿ. ಕಾಲರನ್ನು ಅದರ ಪಟ್ಟಿಯಿಂದ ಬಿಚ್ಚಿ, ಸವೆದ ಮಗ್ಗುಲು ಕೆಳಗೆ ಬರುವಂತೆ ಮಗುಚಿ ಮತ್ತೆ ಅದೇ ಸಾಲಿನಲ್ಲಿ ಹೊಲಿಯಬೇಕು. ಬಿಚ್ಚುವ ಮೊದಲು ಕಾಲರ್ ಮತ್ತು ಪಟ್ಟಿ ಎರಡರ ನಡುಬಿಂದುವಿಗೂ ಬಣ್ಣದ ದಾರದಿಂದ ಗುರುತು ಹಾಕಿ, ಇಲ್ಲವಾದರೆ ಒಂದು ಚೂಪು ಉದ್ದ ಒಂದು ಗಿಡ್ಡ ಆಗುತ್ತದೆ. ಕಾಲರಿನ ಅಂಚಿಗೆ ಚೈನ್ ಸ್ಟಿಚ್ ಇದ್ದರೆ ತಿರುವಿದಾಗ ಸರಪಳಿ ಮಗ್ಗುಲು ಮೇಲೆ ಬರುತ್ತದೆ. ಅದನ್ನು ಮುಚ್ಚಿಡಲು ಹೋಗಬೇಡಿ, ನೋಡಲು ಚೆನ್ನಾಗಿಯೇ ಇರುತ್ತದೆ. ಪಟ್ಟಿಯಿಲ್ಲದ ಒಂದೇ ತುಂಡಿನ ಕಾಲರಿಗೆ ಮಾತ್ರ ಈ ಉಪಾಯ ನಡೆಯದು.

ತೊಡುವುದು

ದುಡಿಯುವವರು ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸುತ್ತಿದ್ದರು, ಬಾಲ ಉದ್ದ ಇರುವುದು ಅದಕ್ಕೇ. ಸೊಂಟ ಎತ್ತರದ ಪ್ಯಾಂಟಾದರೆ ಒಳಗೆ ಸೇರಿಸಿ, ಪಕ್ಕದ ಜೋಡಣೆಯ ಹತ್ತಿರ ಒಮ್ಮೆ ಹಿಂದಕ್ಕೆ ಮಡಚಿ ಬೆಲ್ಟ್ ಕಟ್ಟಿ. ಉಳಿದ ಬಟ್ಟೆ ಬೆನ್ನಿಗೆ ಹೋಗಿ ಮುಂದೆ ಸಪಾಟಾಗುತ್ತದೆ. ಸೊಂಟ ಕೆಳಗಿನ ಪ್ಯಾಂಟಾದರೆ ಕೈ ಎತ್ತಿದ ಕೂಡಲೇ ಬಾಲ ಹೊರಬೀಳುತ್ತದೆ, ಆಗ ಹೊರಗೇ ಬಿಡಿ. ಹೊರಗೆ ಬಿಡುವ ಅಂಗಿ ಪ್ಯಾಂಟಿನ ಹಿಂದಿನ ಜೇಬನ್ನು ಪೂರ್ತಿ ಮುಚ್ಚಬಾರದು, ಗಸೆಟ್ ಕಾಣುವುದೂ ಆಗಲೇ.

ಶಾಂಬ್ರೆಯ ಜೊತೆ ಖಾಕಿ, ಬಿಳಿಚಿದ ಬಿಳಿ, ಕಂದು ಬಣ್ಣದ ಹತ್ತಿ ಪ್ಯಾಂಟು ಯೋಚಿಸದೆ ಹಾಕಬಹುದು. ಡೆನಿಮ್ ಮೇಲೆ ಡೆನಿಮ್ ತೊಡುವಾಗ ಎರಡರ ನಡುವೆ ಕಣ್ಣಿಗೆ ಕಾಣುವಷ್ಟು ಅಂತರ ಬೇಕು: ಮಾಸಿದ ಅಂಗಿಗೆ ಗಾಢ ಪ್ಯಾಂಟು. ಒಂದು ಛಾಯೆ ಮಾತ್ರ ಹೆಚ್ಚುಕಡಿಮೆಯಾದರೆ ಜೊತೆ ಮಾಡಲು ಹೋಗಿ ತಪ್ಪಿದಂತೆ ಕಾಣುತ್ತದೆ. ಹಿಕರಿ ಪಟ್ಟೆಗೆ ಉಳಿದದ್ದೆಲ್ಲ ಸಾದಾ ಇರಲಿ. ಹಿಕರಿ ಅಂಗಿ, ಸಸ್ಪೆಂಡರು, ರೈಲ್ವೆ ಟೋಪಿ, ದಪ್ಪ ಬೂಟು ಒಟ್ಟಿಗೆ ಬಂದರೆ ನಾಟಕದ ವೇಷವಾಗುತ್ತದೆ. ಹಳೆಯದು ಒಂದು ಅಥವಾ ಎರಡು ಸಾಕು.

ಜಾಕೆಟ್ಟಿನ ಒಳಗೆ ತೊಡುವುದಾದರೆ 5 ಔನ್ಸಿನ ಆಸುಪಾಸಿನ ಶಾಂಬ್ರೆ ಸರಿ. ಡೆನಿಮ್ ಅಂಗಿಯ ಮೂರು ಸಾಲಿನ ಜೋಡಣೆ ತೋಳಿನೊಳಗೆ ತುರುಕಿಕೊಂಡು ಹೆಗಲು ಉಬ್ಬುತ್ತದೆ. ಟೈ ಕಟ್ಟುವವರು ಉಣ್ಣೆಯದು, ಹೆಣೆದದ್ದು ಅಥವಾ ಹತ್ತಿಯದು ಆರಿಸಲಿ. ಮಿರುಗುವ ರೇಷ್ಮೆ ಈ ಬಟ್ಟೆಯ ಒರಟಿನ ಪಕ್ಕ ಕೂರುವುದಿಲ್ಲ. 50ರ ದಶಕದ ತೆರೆದ ಕಾಲರ್ ಅಂಗಿಗೆ ಟೈ ಬೇಡವೇ ಬೇಡ. ಹಾಗೆಯೇ ಬಿಟ್ಟು ಒಳಗೆ ಬಿಳಿ ಟೀ ಶರ್ಟ್ ಎರಡು ಬೆರಳಿನಷ್ಟು ಕಂಡರೆ ಆಯಿತು.

ತೋಳು ಮಡಚಲು ಕಫ್‌ನ ಗುಂಡಿ ಬಿಚ್ಚಿ, ಕಫ್‌ನ ಅಗಲಕ್ಕೇ ಒಮ್ಮೆ, ಮತ್ತೆ ಅಷ್ಟಕ್ಕೇ ಇನ್ನೊಮ್ಮೆ ಮಡಚಿ. ಎರಡನೇ ಮಡಿಕೆ ಮೊಣಕೈಗಿಂತ ಕೆಳಗೇ ನಿಲ್ಲಬೇಕು. ಮೊಣಕೈ ದಾಟಿದರೆ ಕೈ ಬಗ್ಗಿಸಿದಾಗೆಲ್ಲ ಮಡಿಕೆ ಬಿಗಿದು, ಈಗಾಗಲೇ ಸವೆದಿರುವ ಮೊಣಕೈಯ ಬಟ್ಟೆಯೇ ಮೊದಲು ಬಾಯಿ ಬಿಡುತ್ತದೆ. ಮಡಚಿಯೇ ತೆಗೆದಿಡುವ ಅಭ್ಯಾಸವಿದ್ದರೆ ಬಿಡಿ. ಒಗೆಯುವ ಮುನ್ನ ತೋಳು ಪೂರ್ತಿ ಬಿಚ್ಚದಿದ್ದರೆ ಆ ಮಡಿಕೆಯ ಗೆರೆ ಬಿಳಿ ಪಟ್ಟಿಯಾಗಿ ಕೂತು ಮತ್ತೆ ಹೋಗುವುದಿಲ್ಲ.